ಅಪ್‌ಡೇಟ್: ದಿನಸಿ ಎಲ್ಲಿ ತರೋದು ಅಂತ ಕೇಳಿದ್ದೆನಲ್ಲ

ದಿನಸಿ, ತರಕಾರಿ ಆ್ಯಪ್‌ನಲ್ಲಿ ತರಿಸೋದಾ, ಅಂಗಡಿಗೆ ಹೋಗೋದಾ ಅಂತ ಹೋದ ತಿಂಗಳು ಕೇಳಿದ್ದೆ. ನೀವು ಹೇಳಿದಂತೆ ಬಿಲ್‌ಗಳನ್ನೆಲ್ಲ ಎತ್ತಿಟ್ಟು ನೋಡಿದೆ.

ಅಕ್ಕಿ, ಬೇಳೆ, ಎಣ್ಣೆ ಈಗ ನಮ್ಮ ಬೀದಿಯ ಅಂಗಡಿಯಿಂದಲೇ. ತೊಗರಿಬೇಳೆಯನ್ನು ಅಂಗೈಗೆ ಸುರಿದು ತೋರಿಸುತ್ತಾರೆ. ಚೆನ್ನಾಗಿಲ್ಲದಿದ್ದರೆ "ಬೇಡಮ್ಮ, ನಾಳೆ ಹೊಸ ಮೂಟೆ ಬರುತ್ತೆ" ಅಂತ ಅವರೇ ಹೇಳುತ್ತಾರೆ. ಇಂಥ ಮಾತು ಆ್ಯಪ್‌ನಲ್ಲಿ ಎಲ್ಲಿ ಸಿಗುತ್ತೆ, ಅಲ್ವಾ?

ಸೊಪ್ಪು, ತರಕಾರಿಗೆ ಹಾಪ್‌ಕಾಮ್ಸ್. 1959ರಲ್ಲಿ ಶುರುವಾದ ಬೆಳೆಗಾರರ ಸಹಕಾರ ಸಂಘ ಅದು. ಚೌಕಾಸಿ ಮಾಡಬೇಕಿಲ್ಲ. ಬೆಳಿಗ್ಗೆ ಬೇಗ ಹೋದರೆ ದಂಟಿನ ಸೊಪ್ಪಿನ ಬೇರಲ್ಲಿ ಇನ್ನೂ ಹಸಿ ಮಣ್ಣಿರುತ್ತೆ.

ಆ್ಯಪ್‌ನಲ್ಲಿ ಸುಮ್ನೆ ಚಿಪ್ಸ್, ಬಿಸ್ಕತ್ತು ಜಾಸ್ತಿ ತರಿಸುತ್ತಿದ್ದೆ. ಆದರೂ ಪೂರ್ತಿ ಬಿಟ್ಟಿಲ್ಲ. ಅತ್ತೆಗೆ ಜ್ವರ ಬಂದ ರಾತ್ರಿ ಗಂಜಿಗೆ ರವೆ ಬಂದಿದ್ದು ಅದರಿಂದಲೇ.