ಕಾಸ್ಟ್‌ಕೋ, ಸ್ಯಾಮ್ಸ್ ಕ್ಲಬ್‌ನಲ್ಲಿ ಟಿವಿ ತಗೊಳ್ಳೋ ಮುಂಚೆ: ಟೆಕ್ನಿಷಿಯನ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಫ್ರಿಸ್ಕೊ, ಟೆಕ್ಸಾಸ್‌ನಿಂದ):

ನಮಸ್ಕಾರ ಸರ್. ಹೊಸ ಮನೆಗೆ ಬಂದಿದ್ದೀವಿ, ಹಾಲ್‌ಗೆ ದೊಡ್ಡ ಟಿವಿ ಬೇಕು. ಕಾಸ್ಟ್‌ಕೋ (ವರ್ಷಕ್ಕಿಷ್ಟು ಅಂತ ಕಟ್ಟಿ ಮೆಂಬರ್ ಆದೋರಿಗೆ ಮಾರೋ ದೊಡ್ಡ ಅಂಗಡಿ, ಇದನ್ನೇ ಕ್ಲಬ್ ಅನ್ನೋದು) ಬಾಗಿಲು ದಾಟಿದ ತಕ್ಷಣ ಸಾಲಾಗಿ ನಿಲ್ಲಿಸಿರ್ತಾರಲ್ಲ, ಅಲ್ಲಿ 75 ಇಂಚಿನದೊಂದು ಕಣ್ಣಿಗೆ ಬಿದ್ದಿದೆ. ಮನೆಯವಳು "ತಗೊಂಡುಬಿಡಿ, ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕೊಟ್ರಾಯ್ತು" ಅಂತಾಳೆ. ಆಫೀಸಿನ ಗೆಳೆಯ ಮಾತ್ರ "ಅಲ್ಲಿ ಬರೋದು ಕ್ಲಬ್‌ಗೆ ಅಂತಲೇ ಮಾಡಿಸಿದ ಎರಡನೇ ದರ್ಜೆ ಮಾಲು" ಅಂತ ಹೆದರಿಸಿದ್ದಾನೆ. ನಿಜಾನಾ? ನಾವು ನೋಡೋದು ಕ್ರಿಕೆಟ್ಟು, ಕನ್ನಡ ಸೀರಿಯಲ್ಲು (ಅತ್ತೆ ಬಂದಿದ್ದಾರೆ), ಶನಿವಾರ ಒಂದು ಸಿನಿಮಾ. ಸೋಫಾದಿಂದ ಗೋಡೆಗೆ ಹತ್ತು ಅಡಿ. ಹಗಲೆಲ್ಲ ಕಿಟಕಿಯಿಂದ ಬೆಳಕು ಧಾರಾಳ.

ಉತ್ತರ (ಟಿವಿ ರಿಪೇರಿ, ಇನ್‌ಸ್ಟಾಲೇಶನ್ ಕೆಲಸ; ಪ್ಲೇನೊ):

ನಿಮ್ಮ ಗೆಳೆಯ ಹೇಳಿದ್ದರಲ್ಲಿ ಕಾಲು ಭಾಗ ನಿಜ. ಕ್ಲಬ್‌ಗೆ ಅಂತ ಬೇರೆ ಮಾಡೆಲ್ ನಂಬರ್ ಇರೋದು ಹೌದು. ಎರಡನೇ ದರ್ಜೆ ಅನ್ನೋದು ಸುಳ್ಳು.

ಉದಾಹರಣೆಗೆ ಎಲ್‌ಜಿಯ ಸಿ2 ಅನ್ನೋ ಓಎಲ್‌ಇಡಿ (ತೆರೆಯ ಒಂದೊಂದು ಚುಕ್ಕೆಯೂ ತಾನೇ ಬೆಳಗೋ ಥರದ್ದು) ಟಿವಿಯನ್ನೇ ನೋಡಿ. ಬೇರೆ ಅಂಗಡಿಗಳಲ್ಲಿ ಅದರ ಡಬ್ಬದ ಮೇಲೆ ನಂಬರು "ಸಿ2ಪಿಯುಎ" ಅಂತ ಮುಗಿಯುತ್ತಿತ್ತು, ಕಾಸ್ಟ್‌ಕೋದಲ್ಲಿ "ಸಿ2ಎಯುಎ" ಅಂತ. ಸೋನಿ ಎಕ್ಸ್80ಕೆ ಅಲ್ಲಿಗೆ ಬಂದಾಗ ಎಕ್ಸ್80ಸಿಕೆ ಆಯ್ತು. ತೆರೆ ಮೇಲಿನ ಚಿತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹಾಗಾದ್ರೆ ನಂಬರ್ ಯಾಕೆ ಬದಲಾಯಿಸ್ತಾರೆ? ನಾನು ಕಂಡಂತೆ ಅದರಿಂದ ಅಂಗಡಿಯವರಿಗೇ ಅನುಕೂಲ. ನೀವು ಇನ್ನೊಂದು ಅಂಗಡಿಗೆ ಹೋಗಿ "ಕಾಸ್ಟ್‌ಕೋ ರೇಟಿಗೇ ಕೊಡಿ" ಅಂದ್ರೆ, "ಮಾಡೆಲ್ ನಂಬರ್ ಬೇರೆ ಇದೆ" ಅಂತ ಕೈ ಆಡಿಸಿಬಿಡಬಹುದು. ಹುಷಾರಾಗಿರಬೇಕಾದ್ದು ಕಡಿಮೆ ಬೆಲೆಯ ಸಾಲಿನಲ್ಲಿ. ಅಲ್ಲಿ ಒಂದು ಅಕ್ಷರ ಬದಲಾದರೆ ಎಚ್‌ಡಿಎಂಐ ಪೋರ್ಟ್ ಒಂದು ಕಡಿಮೆ ಇರಬಹುದು, ರಿಮೋಟ್ ಬೇರೆ ಇರಬಹುದು. ಡಬ್ಬದ ಪಕ್ಕದ ಸ್ಟಿಕ್ಕರ್ ಫೋಟೋ ತೆಗೆದುಕೊಂಡು ಬನ್ನಿ. ಮನೇಲಿ ಕೂತು ಆ ಪೂರ್ತಿ ನಂಬರು ಹಾಕಿ ತಯಾರಕರ ಸೈಟಿನಲ್ಲಿ ಸ್ಪೆಸಿಫಿಕೇಶನ್ ಓದಿ. ಅಂಗಡಿಯ ಬೋರ್ಡ್ ಮೇಲಿನ ನಾಲ್ಕು ಸಾಲು ಸಾಲದು.

ಹಾಗೆ ಓದುವಾಗ ಮೊದಲು ಹುಡುಕಬೇಕಾದ್ದು ರಿಫ್ರೆಶ್ ರೇಟ್, ಅಂದ್ರೆ ತೆರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಯಿಸುತ್ತೆ ಅನ್ನೋದು, ಇದನ್ನ ಹರ್ಟ್ಸ್‌ನಲ್ಲಿ ಹೇಳ್ತಾರೆ. ಮೋಸ ಹೋಗೋದು ಇಲ್ಲೇ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ "ಮೋಷನ್ ರೇಟ್ 120" ಅಂತ ಇದ್ರೆ ಸಾಮಾನ್ಯವಾಗಿ ಒಳಗಿನ ಪ್ಯಾನೆಲ್ 60 ಹರ್ಟ್ಸ್‌ದೇ. "ನೇಟಿವ್ 120 ಹರ್ಟ್ಸ್" ಅಂತ ಬರೆದಿದ್ರೆ ಮಾತ್ರ ನಂಬಿ. ಸೀರಿಯಲ್‌ಗೆ ಇದರಿಂದ ಏನೂ ಆಗಲ್ಲ. ಕ್ರಿಕೆಟ್‌ನಲ್ಲಿ ಬ್ಯಾಟಿಗೆ ತಾಗಿದ ಚೆಂಡಿನ ಹಿಂದೆ ಕ್ಯಾಮೆರಾ ಬೌಂಡರಿವರೆಗೂ ಓಡುತ್ತಲ್ಲ, ಆಗ 60 ಹರ್ಟ್ಸ್ ಪ್ಯಾನೆಲ್‌ನಲ್ಲಿ ಹುಲ್ಲೆಲ್ಲ ಕಲಸಿದ ಹಾಗೆ ಕಾಣುತ್ತೆ. ಅಗ್ಗದ 75 ಇಂಚಿಗಿಂತ ಒಳ್ಳೇ 65 ಇಂಚು ಮೇಲು ಅಂತ ನಾನು ಹೇಳೋದು ಇದಕ್ಕೇ.

ಸೈಜಿನಲ್ಲಿ ನಿಮ್ಮ ಲೆಕ್ಕ ಸರಿ ಇದೆ. ದೂರವನ್ನ ಇಂಚಿಗೆ ತಂದು 1.6ರಿಂದ ಭಾಗಿಸಿ: 120 ಭಾಗ 1.6, ಅಂದ್ರೆ 75. 65 ತಗೊಂಡ್ರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಯಾವ ಥರದ ತೆರೆ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಅಷ್ಟು ಬೆಳಕಿರೋ ಹಾಲ್‌ಗೆ ಮಿನಿ-ಎಲ್‌ಇಡಿ (ತೆರೆಯ ಹಿಂದೆ ಪುಟ್ಟ ಪುಟ್ಟ ದೀಪಗಳಿರೋದು) ತಗೊಳ್ಳಿ. ಓಎಲ್‌ಇಡಿ ಕತ್ತಲೆ ಕೋಣೆಯ ರಾಜ. ಆದ್ರೆ ಟೆಸ್ಟ್ ಮ್ಯಾಚ್ ಐದು ದಿನ ಕೆಳಗಡೆ ಅದೇ ಸ್ಕೋರ್ ಪಟ್ಟಿ, ಮೂಲೇಲಿ ಅದೇ ಚಾನೆಲ್ ಲೋಗೋ, ಆಮೇಲೆ ಸಂಜೆ ಸೀರಿಯಲ್‌ನ ಲೋಗೋ. ವರ್ಷಗಟ್ಟಲೆ ಹೀಗೆ ನಡೆದ್ರೆ ಬರ್ನ್-ಇನ್ (ಆ ಗುರುತು ತೆರೆ ಮೇಲೆ ಕಾಯಂ ಉಳಿದುಬಿಡೋದು) ಆಗೋ ಸಾಧ್ಯತೆ ಇದ್ದೇ ಇದೆ, ಅದು ಸಾಮಾನ್ಯವಾಗಿ ತಯಾರಕರ ವಾರಂಟಿಗೆ ಬರಲ್ಲ. ಇನ್ನೊಂದು ವಿಷಯ: ಅತ್ತೆಯವರ ಕುರ್ಚಿ ಟಿವಿಗೆ ಎದುರಿಗಿದೆಯಾ, ಪಕ್ಕಕ್ಕಿದೆಯಾ? ಪಕ್ಕಕ್ಕಿದ್ರೆ, ಅಂಗಡೀಲಿ ಟಿವಿಯ ನೇರಕ್ಕೆ ನಿಂತು ನೋಡಿದ ಮೇಲೆ ಆರು ಹೆಜ್ಜೆ ಪಕ್ಕಕ್ಕೆ ಹೋಗಿ ಅದೇ ಚಿತ್ರ ಇನ್ನೊಂದ್ಸಲ ನೋಡಿ. ಕೆಲವು ಪ್ಯಾನೆಲ್‌ಗಳಲ್ಲಿ ಮುಖದ ಬಣ್ಣ ತೊಳೆದಿಟ್ಟಂತೆ ಪೇಲವ ಆಗಿಬಿಡುತ್ತೆ.

ಆ ಅಂಗಡಿಯಲ್ಲಿ ನಿಮ್ಮ ಕಣ್ಣನ್ನ ನಂಬಬಹುದಾದ್ದು ಇದೊಂದೇ ಪರೀಕ್ಷೆಗೆ. ಉಳಿದಂತೆ ಆ ಎತ್ತರದ ಛಾವಣಿ, ಆ ದೀಪ, ಕಣ್ಣು ಕುಕ್ಕೋ ಸ್ಟೋರ್ ಮೋಡ್, ತಯಾರಕರು ತಾವೇ ಆರಿಸಿ ಹಾಕಿದ ಜಲಪಾತ, ಗಿಣಿ, ಹಣ್ಣಿನ ವೀಡಿಯೊ. ಯಾವ ಟಿವಿಯೂ ಅಲ್ಲಿ ಕೆಟ್ಟದಾಗಿ ಕಾಣಲ್ಲ. ಮನೆಗೆ ತಂದ ಮೇಲೆ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಹಾಕಿ. ಮೊದಲ ದಿನ ಹಳದಿ ಅನ್ನಿಸುತ್ತೆ, ವಾರದಲ್ಲಿ ಕಣ್ಣು ಹೊಂದಿಕೊಳ್ಳುತ್ತೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಕಾಸ್ಟ್‌ಕೋಗೇ ಹೋಗಿ ಅನ್ನೋದು ಬೆಲೆಗಾಗಿ ಅಲ್ಲ. ದೊಡ್ಡ ರಿಯಾಯಿತಿ ದಿನಗಳಲ್ಲಿ ಆ ಬೆಲೆ ಬೇರೆ ಕಡೆಯೂ ಸಿಗುತ್ತೆ. ನೀವು ದುಡ್ಡು ಕೊಡೋದು ಎರಡು ವಿಷಯಕ್ಕೆ: ವಾಪಸ್ ಕೊಡೋಕೆ 90 ದಿನ, ತಯಾರಕರ ಒಂದು ವರ್ಷದ ವಾರಂಟಿಯನ್ನ ಅವರೇ ಎರಡು ವರ್ಷಕ್ಕೆ ಎಳೆದು ಕೊಡೋದು. 2007ಕ್ಕೆ ಮುಂಚೆ ಟಿವಿ ವಾಪಸ್ ಕೊಡೋಕೆ ಗಡುವೇ ಇರ್ಲಿಲ್ಲ. ಜನ ನಾಲ್ಕೈದು ವರ್ಷ ನೋಡಿ, ವಾಪಸ್ ಕೊಟ್ಟು, ಹೊಸದು ಹೊತ್ಕೊಂಡು ಹೋಗ್ತಿದ್ರು. 90 ದಿನದ ನಿಯಮ ಸುಮ್ಮನೆ ಬಂದದ್ದಲ್ಲ. ಈಗಲೂ ದೊಡ್ಡ ಮ್ಯಾಚ್ ಮುಗಿದ ಸೋಮವಾರ ರಿಟರ್ನ್ಸ್ ಕೌಂಟರ್ ಸಾಲು ನೋಡಿ, ನಗು ಬರುತ್ತೆ.

ಆ 90 ದಿನವನ್ನ ಬಳಸಿಕೊಳ್ಳಿ. ಮೊದಲ ವಾರದಲ್ಲೇ ಒಂದು ರಾತ್ರಿ ದೀಪ ಆರಿಸಿ, ಯೂಟ್ಯೂಬ್‌ನಲ್ಲಿ ಪೂರ್ತಿ ಬೂದು, ಪೂರ್ತಿ ಕಪ್ಪು, ಪೂರ್ತಿ ಬಿಳಿ ಪರದೆಯ ವೀಡಿಯೊ ಹಾಕಿ. ಬೂದಿನಲ್ಲಿ ಉದ್ದುದ್ದ ಪಟ್ಟೆ, ಮೂಲೆಗಳಲ್ಲಿ ಕೊಳಕು ಮೋಡ ಇದ್ದಂತೆ ಕಂಡ್ರೆ ಅದು ಹಾಗೇ ಉಳಿಯುತ್ತೆ, ಕ್ಯಾಮೆರಾ ಮೈದಾನದ ಮೇಲೆ ಓಡುವಾಗೆಲ್ಲ ಕಾಣುತ್ತೆ. ಎಲ್ಲಾ ಎಚ್‌ಡಿಎಂಐ ಪೋರ್ಟ್‌ಗೂ ಒಂದೊಂದ್ಸಲ ಕೇಬಲ್ ಚುಚ್ಚಿ ನೋಡಿ. ಡಬ್ಬ, ಥರ್ಮೋಕೋಲ್ ಎಲ್ಲಾ ಗ್ಯಾರೇಜ್‌ನಲ್ಲಿರಲಿ. ಡಬ್ಬ ಇಲ್ಲದೆ 75 ಇಂಚಿನ ಟಿವಿಯನ್ನ ಒಡೆಯದೆ ವಾಪಸ್ ಸಾಗಿಸೋದು ಕನಸಿನ ಮಾತು.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿಯಿಂದ):

ಸರ್, ನನ್ನ ಹತ್ರ ಕಾಸ್ಟ್‌ಕೋ ಕಾರ್ಡ್ ಇಲ್ಲ. ಒಂದು ಟಿವಿಗೋಸ್ಕರ ಮೆಂಬರ್ ಆಗೋದು ಲಾಭಾನಾ? ಹತ್ತಿರದಲ್ಲಿ ಅಂಥದೇ ಕ್ಲಬ್‌ಗಳಾದ ಬೀಜೇಸ್, ಸ್ಯಾಮ್ಸ್ ಎರಡೂ ಇವೆ.

ಉತ್ತರ:

ಮೇಡಂ, 2024ರ ಸೆಪ್ಟೆಂಬರ್‌ನಿಂದ ಕಾಸ್ಟ್‌ಕೋದ ಸಾಮಾನ್ಯ ಕಾರ್ಡ್ 65 ಡಾಲರ್, ಎಕ್ಸಿಕ್ಯುಟಿವ್ 130. ಎರಡು ವರ್ಷದ ವಾರಂಟಿ ಸಿಗುತ್ತೆ ಅನ್ನೋ ಲೆಕ್ಕದಲ್ಲಿ ಟಿವಿ ಒಂದಕ್ಕೇ 65 ಕೊಟ್ರೂ ನಷ್ಟ ಇಲ್ಲ. ಎಕ್ಸಿಕ್ಯುಟಿವ್ ಮಾತ್ರ ಟಿವಿ ನೋಡಿ ತಗೋಬೇಡಿ. ಆ ಕಾರ್ಡಿಗೆ ಅವರು ವಾಪಸ್ ಕೊಡೋದು ವ್ಯಾಪಾರದ ಶೇ. 2, ಅಂದ್ರೆ 1,200 ಡಾಲರ್ ಟಿವಿ ಮೇಲೆ 24 ಡಾಲರ್. ಹೆಚ್ಚಿಗೆ ಕೊಟ್ಟ 65 ಹುಟ್ಟಬೇಕಾದ್ರೆ ವರ್ಷಕ್ಕೆ 3,250 ಡಾಲರ್ ವ್ಯಾಪಾರ ಮಾಡಬೇಕು. ನಮ್ಮವರ ಮನೆಗಳಲ್ಲಿ ತುಪ್ಪ ಕಾಯಿಸೋಕೆ ಕಿರ್ಕ್‌ಲ್ಯಾಂಡ್ (ಕಾಸ್ಟ್‌ಕೋದ ಸ್ವಂತ ಬ್ರ್ಯಾಂಡ್) ಬೆಣ್ಣೆ ಹೊತ್ತು ತರೋ ರೀತಿ ನೋಡಿದ್ರೆ ಅದೂ ಆಗಿಬಿಡುತ್ತೆ ಅನ್ನಿ!

ಪಕ್ಕದ ಮನೆಯವರ ಕಾರ್ಡ್ ಇಸ್ಕೊಂಡು ಹೋಗೋ ಕಾಲ ಮುಗೀತು, ಈಗ ಬಾಗಿಲಲ್ಲೇ ಸ್ಕ್ಯಾನ್ ಮಾಡ್ತಾರೆ. ಪ್ರತಿ ಮೆಂಬರ್‌ಶಿಪ್ ಜೊತೆ ಅದೇ ವಿಳಾಸದಲ್ಲಿರೋ ಇನ್ನೊಬ್ಬರಿಗೆ ಕಾರ್ಡ್ ಉಚಿತ. ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ವೀಸಾ ಮಾತ್ರ ನಡೆಯುತ್ತೆ, ಅಮೆಕ್ಸ್, ಮಾಸ್ಟರ್‌ಕಾರ್ಡ್ ತಗೊಂಡು ಹೋಗಿ ಕೌಂಟರ್‌ನಲ್ಲಿ ಒದ್ದಾಡಬೇಡಿ.

ಸ್ಯಾಮ್ಸ್, ಬೀಜೇಸ್ ಕೆಟ್ಟವು ಅಂತಲ್ಲ. ಸ್ಯಾಮ್ಸ್‌ನಲ್ಲಿ ಬೇರೆ ಕಾರ್ಡ್‌ಗಳೂ ನಡೆಯುತ್ತವೆ. ಆದ್ರೆ ಎರಡನೇ ವರ್ಷದ ವಾರಂಟಿ ಅಲ್ಲಿಯೂ ತಾನಾಗೇ ಬರುತ್ತೆ ಅಂದ್ಕೋಬೇಡಿ. ಆ ಮಾಡೆಲ್‌ಗೆ ಎಷ್ಟು ವರ್ಷ, ವಾಪಸ್ ಕೊಡೋಕೆ ಎಷ್ಟು ದಿನ ಅಂತ ಬಿಲ್ ಮಾಡಿಸೋ ಮುಂಚೆ ಕೇಳಿ. ಪ್ರೊಟೆಕ್ಷನ್ ಪ್ಲಾನ್ ಮಾರೋಕೆ ಬಂದ್ರೆ ಒಂದೇ ಪ್ರಶ್ನೆ ಹಾಕಿ: "ಟೆಕ್ನಿಷಿಯನ್ ಮನೆಗೇ ಬರ್ತಾರಾ, ನಾನೇ ಟಿವಿ ಹೊತ್ತು ಹೋಗಬೇಕಾ?"

ಪ್ರಶ್ನೆ (ಅರ್ವಿಂಗ್, ಟೆಕ್ಸಾಸ್‌ನಿಂದ):

ಅಣ್ಣ, ಕಾಸ್ಟ್‌ಕೋ ಬೆಲೆ ಬೋರ್ಡ್ ಮೇಲಿನ ನಕ್ಷತ್ರಕ್ಕೆ ಏನೋ ಗುಟ್ಟಿದೆ ಅಂತಾರಲ್ಲ, ನಿಜಾನಾ? ತಗೊಂಡ ವಾರಕ್ಕೇ ರೇಟ್ ಇಳಿದ್ರೆ ಏನು ಗತಿ?

ಉತ್ತರ:

ಬೆಲೆ ಬೋರ್ಡಿನ ಮೇಲ್ತುದಿಯಲ್ಲಿ ನಕ್ಷತ್ರ ಇದ್ರೆ ಆ ಮಾಲು ಮತ್ತೆ ತರಿಸಲ್ಲ ಅಂತ ಅರ್ಥ. ಬೆಲೆ 97 ಸೆಂಟ್ಸ್‌ಗೆ ಮುಗಿದ್ರೆ ಅದು ಇಳಿಸಿದ ಬೆಲೆ. ಕಾಸ್ಟ್‌ಕೋಗೆ ತುಂಬಾ ವರ್ಷದಿಂದ ಹೋಗೋರೆಲ್ಲ ಇದನ್ನ ನೋಡಿಯೇ ಕೈ ಹಾಕ್ತಾರೆ. ವಸಂತದಲ್ಲಿ ಹೊಸ ವರ್ಷದ ಮಾಡೆಲ್‌ಗಳು ಬರೋ ಹೊತ್ತಿಗೆ ಹಿಂದಿನ ವರ್ಷದ ಒಳ್ಳೇ ಟಿವಿಗಳ ಮೇಲೆ ಈ ಎರಡೂ ಗುರುತು ಕಾಣಿಸ್ಕೊಳ್ಳೋದುಂಟು. ನನ್ನ ಪ್ರಕಾರ ಟಿವಿಗೆ ಅದೇ ಸರಿಯಾದ ಕಾಲ. ಒಂದು ವರ್ಷದಲ್ಲಿ ತೆರೆ ಅಷ್ಟೇನೂ ಮುಂದುವರಿಯಲ್ಲ.

ತಗೊಂಡ 30 ದಿನದ ಒಳಗೆ ಕಾಸ್ಟ್‌ಕೋದಲ್ಲೇ ಬೆಲೆ ಇಳಿದ್ರೆ ವ್ಯತ್ಯಾಸದ ದುಡ್ಡು ವಾಪಸ್ ಕೊಡ್ತಾರೆ. ಅಂಗಡೀಲಿ ಕೊಂಡಿದ್ರೆ ಅಂಗಡೀಲೇ ಕೇಳಬೇಕು. ಬೇರೆ ಅಂಗಡಿಯ ರೇಟ್ ತೋರಿಸಿದ್ರೆ ನಡೆಯಲ್ಲ. ಅವರ ವೆಬ್‌ಸೈಟ್ ಬೆಲೆ ಅಂಗಡಿಯದಕ್ಕಿಂತ ಜಾಸ್ತಿ ಕಂಡ್ರೆ ತಕ್ಷಣ ಬೈಕೋಬೇಡಿ, ಮನೆಗೆ ತಂದು ಕೊಡೋ ಖರ್ಚು ಅದರಲ್ಲೇ ಸೇರಿರುತ್ತೆ. ಕ್ಯಾಮ್ರಿಯಂಥ ಸೆಡಾನ್ ಕಾರು ಇರೋರು ಆ ದುಡ್ಡು ಕೊಟ್ಟುಬಿಡೋದು ಜಾಣತನ. 65 ಇಂಚಿನ ಡಬ್ಬವೇ ಐದಡಿಗಿಂತ ಉದ್ದ, ಮೂರಡಿಗಿಂತ ಎತ್ತರ. ಕಾರಲ್ಲಿ ಮಲಗಿಸಿ ತಂದು ಒಳಗೊಳಗೇ ಬಿರುಕು ಬಿಟ್ಟ ಪ್ಯಾನೆಲ್‌ಗಳು ನನ್ನ ಹತ್ರ ಬರ್ತಾನೇ ಇರ್ತವೆ. ಪ್ಯಾನೆಲ್ ಹೋಯ್ತು ಅಂದ್ರೆ ಟಿವಿಯೇ ಹೋಯ್ತು, ಅದನ್ನ ಬದಲಾಯಿಸೋ ದುಡ್ಡಿಗೆ ಹೊಸದೇ ಬರುತ್ತೆ. ನಿಲ್ಲಿಸಿಯೇ ತನ್ನಿ.

ಪ್ರಶ್ನೆ (ಸನಿವೇಲ್, ಕ್ಯಾಲಿಫೋರ್ನಿಯಾದಿಂದ):

ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತಿದ್ದೀವಿ. ಇಲ್ಲಿಂದಲೇ ಒಂದು 43 ಇಂಚಿನದು ಮೈಸೂರಿಗೆ, ಅಪ್ಪ ಅಮ್ಮನಿಗೆ ತಗೊಂಡು ಹೋಗಬಹುದಾ?

ಉತ್ತರ:

ಬೇಡ. 2013ರ ಆಗಸ್ಟ್‌ನಲ್ಲೇ ಫ್ಲಾಟ್ ಟಿವಿಯನ್ನ ಸುಂಕ ಇಲ್ಲದ ಬ್ಯಾಗೇಜ್‌ನಿಂದ ಹೊರಗೆ ಹಾಕಿದ್ರು. ಅದಕ್ಕೆ ಮುಂಚೆ ದುಬೈ, ಸಿಂಗಾಪುರದಿಂದ ಬರೋರ ಕೈಯಲ್ಲೆಲ್ಲ ಟಿವಿ ಡಬ್ಬ ಇರ್ತಿತ್ತು, ನೆನಪಿರಬಹುದು. ಸುಂಕ ಕಟ್ಟಿ ಒಯ್ದ್ರೂ ಇಲ್ಲಿನ ವಾರಂಟಿ ಅಲ್ಲಿ ನಡೆಯಲ್ಲ, ಚಾನೆಲ್ ಹಿಡಿಯೋ ಟ್ಯೂನರ್ ಅಮೆರಿಕದ ಪದ್ಧತಿಯದು, ಕೆಲವು ಮಾಡೆಲ್‌ಗಳ ಬೆನ್ನಿನ ಸ್ಟಿಕ್ಕರ್‌ನಲ್ಲಿ 110–120 ವೋಲ್ಟ್ ಅಂತ ಮಾತ್ರ ಇರುತ್ತೆ. ಆ ದುಡ್ಡು ಅಪ್ಪನಿಗೆ ಕಳಿಸಿ, ಮೈಸೂರಲ್ಲೇ ತಗೊಳ್ಳಲಿ. ಕೆಟ್ರೆ ಮಾರನೇ ದಿನ ರಿಪೇರಿಯವನು ಮನೆಗೇ ಬರ್ತಾನೆ.

ಪ್ರಶ್ನೆ (ಫ್ರಿಸ್ಕೊದವರೇ, ಮತ್ತೆ):

ತುಂಬಾ ಥ್ಯಾಂಕ್ಸ್ ಸರ್. ಇನ್ನೆರಡು ಸಂಶಯ. ಅತ್ತೆಯವರ ಸೀರಿಯಲ್ ಜೀ5, ಸನ್ ನೆಕ್ಸ್ಟ್‌ನಲ್ಲಿ ಬರೋದು, ಯಾವ ಟಿವಿಯಲ್ಲಿ ಈ ಆ್ಯಪ್ ಇರುತ್ತೆ? ಆಮೇಲೆ, ನಮ್ಮ ಹಳೇ ಟಿವಿ ಸ್ಟ್ಯಾಂಡ್ 50 ಇಂಚು ಅಗಲ. 75 ಇಂಚಿನದು ಅದರ ಮೇಲೆ ಕೂರುತ್ತಾ?

ಉತ್ತರ:

ಆ್ಯಪ್‌ಗೋಸ್ಕರ ಟಿವಿ ಆರಿಸಬೇಡಿ. ಟಿವಿಯೊಳಗೆ ಇಲ್ಲದಿದ್ರೆ ಎಚ್‌ಡಿಎಂಐ ಪೋರ್ಟ್‌ಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿದ್ರೆ ಮುಗೀತು, ರಿಮೋಟೂ ಅತ್ತೆಯವರಿಗೆ ಸುಲಭ. ಸಿನಿಮಾ ಬಗ್ಗೆ ಒಂದೇ ಮಾತು: ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ (ಸಿನಿಮಾದ ಬೆಳಕು, ಬಣ್ಣ ಎದ್ದು ಕಾಣೋ ಹಾಗೆ ತೋರಿಸೋ ಒಂದು ಪದ್ಧತಿ) ಇಲ್ಲ, ಅವರದು ಎಚ್‌ಡಿಆರ್10 ಪ್ಲಸ್. ನಿಮಗೆ ಅದು ಮುಖ್ಯ ಅನ್ನಿಸಿದ್ರೆ ಬೇರೆ ಬ್ರ್ಯಾಂಡ್ ನೋಡಿ. ಮತ್ತೆ, ಮೊದಲ ಸಲ ಆನ್ ಮಾಡಿದಾಗ ಎಲ್ಲದಕ್ಕೂ "ಒಪ್ಪಿದೆ" ಒತ್ತುತ್ತಾ ಹೋಗಬೇಡಿ. ನೀವು ಏನು ನೋಡ್ತೀರಿ ಅಂತ ಟಿವಿಯೇ ಲೆಕ್ಕ ಇಟ್ಟು ಕಳಿಸೋ ವ್ಯವಸ್ಥೆ ಅದರಲ್ಲಿರುತ್ತೆ. ಗ್ರಾಹಕರಿಗೆ ಹೇಳದೆ ಅದನ್ನ ಮಾಡಿದ್ದಕ್ಕೆ 2017ರಲ್ಲಿ ವಿಝಿಯೊ ಕಂಪನಿ 22 ಲಕ್ಷ ಡಾಲರ್ ಕೊಟ್ಟು ಕೇಸ್ ಮುಗಿಸಿಕೊಳ್ಳಬೇಕಾಯ್ತು. ಈಗ ಎಲ್ಲರೂ ಕೇಳ್ತಾರೆ, ಬೇಡ ಅನ್ನೋದು ನಮ್ಮ ಕೈಯಲ್ಲಿದೆ.

ಸ್ಟ್ಯಾಂಡ್ ವಿಷಯ. 75 ಇಂಚಿನ ಟಿವಿ ಸುಮಾರು 66 ಇಂಚು ಅಗಲ. ನಡುವೆ ಒಂದೇ ಪೀಠ ಇರೋ ಮಾಡೆಲ್ ಆದ್ರೆ ನಿಮ್ಮ ಸ್ಟ್ಯಾಂಡ್ ಮೇಲೆ ಕೂರುತ್ತೆ. ಎರಡು ತುದಿಗೆ ಕಾಲಿರೋದಾದ್ರೆ 50 ಇಂಚು ಸಾಲದೇ ಹೋಗಬಹುದು, ಕೊಳ್ಳೋ ಮುಂಚೆ ಸ್ಪೆಸಿಫಿಕೇಶನ್‌ನಲ್ಲಿ ಎರಡು ಕಾಲಿನ ನಡುವಿನ ಅಳತೆ ನೋಡಿ. ಗೋಡೆಗೆ ಹಾಕೋದಾದ್ರೆ ಸ್ಟಡ್‌ಗಳು (ಗೋಡೆಯೊಳಗಿನ ಆಧಾರದ ಕಂಬಗಳು) ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ, ಬ್ರ್ಯಾಕೆಟ್‌ನ ಬೋಲ್ಟ್ ಎರಡು ಸ್ಟಡ್‌ಗಾದರೂ ಹಿಡೀಬೇಕು. ಫೈರ್‌ಪ್ಲೇಸ್ ಮೇಲೆ ಮಾತ್ರ ಬೇಡ. ಬಿಸಿ ಒಂದು ಕಡೆ, ಐದು ದಿನದ ಟೆಸ್ಟ್ ಮ್ಯಾಚ್ ಕತ್ತೆತ್ತಿ ನೋಡೋ ಶಿಕ್ಷೆ ಇನ್ನೊಂದು ಕಡೆ. ಮಾಡೆಲ್ ಗಟ್ಟಿ ಆದ ಮೇಲೆ ಟಿವಿ ಬೆನ್ನಿನ ನಾಲ್ಕು ತೂತಿನ ಅಂತರ (ವೆಸಾ ಅಂತ ಬರೆದಿರುತ್ತೆ) ಮತ್ತು ತೂಕ ಎರಡನ್ನೂ ಇಲ್ಲಿ ಹಾಕಿ, ಹಳೇ ಬ್ರ್ಯಾಕೆಟ್ ನಡೆಯುತ್ತಾ ಇಲ್ವಾ ಹೇಳ್ತೀನಿ.