ಮನೆಯವರ ಫೋಟೊ ತೆಗೆಯುವವರಿಗೆ ಒಂದು ಪ್ರಶ್ನೆ

ಪ್ರಶ್ನೆ (ಗಿರಿನಗರ): ನಮ್ಮ ಮನೆಯವರದ್ದೇ ಒಂದು ಪೋರ್ಟ್ರೇಟ್ ಸರಣಿ ಶುರು ಮಾಡಿದ್ದೇನೆ. ಕ್ಯಾಮೆರಾ ಎತ್ತಿದ ತಕ್ಷಣ ಅಮ್ಮ ಸೀರೆ ಬದಲಾಯಿಸಲು ಓಡುತ್ತಾರೆ. ಅಪ್ಪ ಪಾಸ್‌ಪೋರ್ಟ್ ಫೋಟೊಗೆ ಕೂತ ಹಾಗೆ ಬಿಗಿಯಾಗುತ್ತಾರೆ. ನನಗೆ ಬೇಕಿರುವುದು ಅಮ್ಮ ಈಳಿಗೆ ಮಣೆ ಮೇಲೆ ಕೂತು ಬೀನ್ಸ್ ಹೆಚ್ಚುವ ಹೊತ್ತು. ಹೇಳದೆ ತೆಗೆಯಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1: ಹೇಳದೆ ತೆಗೆಯಬೇಡಿ. ಸೀರೆ ಬದಲಾಯಿಸಲಿ ಬಿಡಿ, ತಾನು ಹೇಗೆ ಕಾಣಬೇಕು ಅನ್ನುವುದು ಅವರ ಹಕ್ಕು ಅಲ್ವಾ? ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ‘ಪ್ರೈವಸಿ’ (2004) ಫೋಟೊ ಪುಸ್ತಕ ನೋಡಿ. ಭಾರತದ ಸ್ಥಿತಿವಂತ ಕುಟುಂಬಗಳು ತಮ್ಮ ಮನೆಯಲ್ಲೇ ಕ್ಯಾಮೆರಾ ಎದುರು ಕೂತಿವೆ. ಆ ಗತ್ತು, ಹಿಂದಿನ ಸೋಫಾ, ಗೋಡೆ ಎಲ್ಲವೂ ಮಾತಾಡುತ್ತವೆ. ನನಗೆ ಕದ್ದು ತೆಗೆದ ಚಿತ್ರಕ್ಕಿಂತ ಇದೇ ಜಾಸ್ತಿ ನಿಜ.

ಉತ್ತರ 2: ಆತುರ ಬೇಡ. ಅಮೆರಿಕದ ಛಾಯಾಗ್ರಾಹಕ ನಿಕೋಲಸ್ ನಿಕ್ಸನ್ 1975ರಿಂದ ದಶಕಗಳ ಕಾಲ, ವರ್ಷಕ್ಕೊಂದರಂತೆ, ಹೆಂಡತಿ ಮತ್ತು ಆಕೆಯ ಮೂವರು ತಂಗಿಯರ ಚಿತ್ರ ತೆಗೆದರು. ನಾಲ್ವರೂ ಪ್ರತಿ ಸಲ ಅದೇ ಕ್ರಮದಲ್ಲಿ. ನೀವೂ ಪ್ರತಿ ಯುಗಾದಿಗೆ ಅದೇ ಬಾಗಿಲಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು.

ಪ್ರಶ್ನೆ ಕೇಳಿದವರು: ಅಮ್ಮನನ್ನೇ ಕೇಳಿದೆ. ಬೀನ್ಸ್ ಹೆಚ್ಚುವಾಗ ತೆಗೆಯಬಹುದಂತೆ, ಇನ್‌ಸ್ಟಾಗ್ರಾಮ್‌ಗೆ ಮಾತ್ರ ಹಾಕಬಾರದಂತೆ. ಒಪ್ಪಿದ್ದೇನೆ. ಅಪ್ಪನಿಗೆ ಏನು ಮಾಡಲಿ?