ಪಿಟ್ಯುಟರಿ ಗಡ್ಡೆ: ಆಪರೇಷನ್‌ಗೆ ಮೊದಲು ಏನೆಲ್ಲ ಪರೀಕ್ಷೆ ಆಗಬೇಕು? ಅನುಭವ ಇದ್ದವರು ಹೇಳಿ

ಕುಂದಾಪುರದಿಂದ ಪ್ರಶ್ನೆ

ನಮ್ಮ ಭಾವನಿಗೆ 46 ವರ್ಷ. ಟೆಂಪೋ ಓಡಿಸುತ್ತಾರೆ. ಕೆಲವು ತಿಂಗಳಿಂದ ತಲೆನೋವು, ವಿಪರೀತ ಸುಸ್ತು. ಎಂ.ಆರ್.ಐ. ಮಾಡಿಸಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ 23 ಮಿ.ಮೀ. ಗಡ್ಡೆ ಉಂಟು, ಮ್ಯಾಕ್ರೋಅಡಿನೋಮ (ಗ್ರಂಥಿಯದೇ, ಕ್ಯಾನ್ಸರ್ ಅಲ್ಲದ ದೊಡ್ಡ ಗಡ್ಡೆ) ಇರಬಹುದು ಎಂದು ರಿಪೋರ್ಟ್ ಬಂತು. ಮೂಗಿನ ಮೂಲಕ ತೆಗೆಯಬಹುದು, ಬೇಗ ದಿನ ಗೊತ್ತು ಮಾಡಿ ಎಂದಿದ್ದಾರೆ. ರಕ್ತ ಪರೀಕ್ಷೆ ಅಂತ ಆಗಿದ್ದು ಸಕ್ಕರೆ, ಹಿಮೋಗ್ಲೋಬಿನ್ ಅಷ್ಟೇ. ಅಕ್ಕ ತುಂಬಾ ಹೆದರಿದ್ದಾಳೆ. ಮೊದಲು ಇನ್ನೇನು ನೋಡಿಸಬೇಕು? ಬೆಂಗಳೂರಿಗೇ ಹೋಗಬೇಕಾ?

ಮಣಿಪಾಲದಿಂದ

ಮೊದಲು ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನ್) ರಕ್ತ ಪರೀಕ್ಷೆ ಮಾಡಿಸಿ. ಉಳಿದದ್ದು ಆಮೇಲೆ. ನನ್ನ ತಮ್ಮನ ಗಡ್ಡೆ ನಿಮ್ಮ ಭಾವನದಕ್ಕಿಂತ ದೊಡ್ಡದಿತ್ತು. ಪ್ರೊಲ್ಯಾಕ್ಟಿನ್ ಸಾವಿರದ ಲೆಕ್ಕದಲ್ಲಿ ಬಂತು. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ನೋಡಿ ಇದಕ್ಕೆ ಆಪರೇಷನ್ ಬೇಡ ಎಂದರು. ಪ್ರೊಲ್ಯಾಕ್ಟಿನ್ ಸುರಿಸುವ ಈ ಜಾತಿಯ ಗಡ್ಡೆಗೆ ಮಾತ್ರೆಯೇ ಮೊದಲ ಚಿಕಿತ್ಸೆಯಂತೆ. ಕ್ಯಾಬರ್ಗೋಲಿನ್, ವಾರಕ್ಕೆ ಎರಡು ಸಲ. ಮುಂದಿನ ಎಂ.ಆರ್.ಐ.ಯಲ್ಲಿ ಗಡ್ಡೆ ಚೆನ್ನಾಗಿ ಕುಗ್ಗಿತ್ತು.

ಹೆಂಗಸರಿಗಾದರೆ ಮುಟ್ಟು ನಿಲ್ಲುತ್ತದೆ, ಮೊಲೆಯಲ್ಲಿ ಹಾಲು ಬರುತ್ತದೆ, ಬೇಗ ಗೊತ್ತಾಗುತ್ತದೆ. ಗಂಡಸರಿಗೆ ಆಸೆ ಕಡಿಮೆಯಾಗುತ್ತದೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಕ್ಕನಲ್ಲೇ ಕೇಳಿ ನೋಡಿ, ಮುಜುಗರ ಬೇಡ.

ಇನ್ನೊಂದು, ಅವರು ತಿನ್ನುವ ಮಾತ್ರೆಗಳ ಚೀಟಿಯನ್ನೆಲ್ಲ ತೆಗೆದುಕೊಂಡು ಹೋಗಿ. ಗ್ಯಾಸ್ಟ್ರಿಕ್‌ಗೆ ಕೊಡುವ ಎಷ್ಟೋ ಮಾತ್ರೆಯಲ್ಲಿ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿರುತ್ತದೆ. ಅದು ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಮಾನಸಿಕ ಕಾಯಿಲೆಯ ಕೆಲವು ಔಷಧಿಯೂ ಹಾಗೆಯೇ.

ಹೆಬ್ರಿಯಿಂದ

ಪರೀಕ್ಷೆ ಪರೀಕ್ಷೆ ಅಂತ ದಿನ ತಳ್ಳಬೇಡಿ ಮಾರಾಯ್ರೆ. ನನ್ನ ಅಪ್ಪನಿಗೆ ಒಂದು ರಾತ್ರಿ ತಲೆ ಸಿಡಿಯುವ ಹಾಗೆ ನೋವು ಬಂತು. ವಾಂತಿ, ಒಂದು ರೆಪ್ಪೆ ಜೋತು ಬಿತ್ತು, ಎರಡೆರಡು ಕಾಣತೊಡಗಿತು. ಗಡ್ಡೆಯೊಳಗೆ ರಕ್ತಸ್ರಾವ ಆಗಿತ್ತು. ಹಾಗಾದರೆ ಯಾವ ರಿಪೋರ್ಟಿಗೂ ಕಾಯದೆ ತುರ್ತು ವಿಭಾಗಕ್ಕೆ ಓಡಬೇಕು.

ಮಣಿಪಾಲದಿಂದ ಮತ್ತೆ

ಅದು ಒಪ್ಪುವ ಮಾತೇ. ಆದರೆ ಪ್ರೊಲ್ಯಾಕ್ಟಿನ್‌ಗೆ ತಿಂಗಳು ಬೇಡ, ದೊಡ್ಡ ಲ್ಯಾಬಿನಲ್ಲಿ ಹೆಚ್ಚೆಂದರೆ ಒಂದೆರಡು ದಿನ. ಅಷ್ಟು ಕಾಯದೆ ಬೇಡದ ಆಪರೇಷನ್ ಮಾಡಿಸಿಕೊಂಡರೆ?

ಕಂಕನಾಡಿಯಿಂದ

ನಾನು ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಡಾಕ್ಟರ್ ಅಲ್ಲ, ಆದರೆ ಈ ರಿಪೋರ್ಟುಗಳನ್ನು ತುಂಬಾ ನೋಡಿದ್ದೇನೆ.

ಪ್ರೊಲ್ಯಾಕ್ಟಿನ್ ಜಾಸ್ತಿ ಬಂದ ಮಾತ್ರಕ್ಕೆ ಅದು ಪ್ರೊಲ್ಯಾಕ್ಟಿನ್ ಗಡ್ಡೆ ಅಲ್ಲ. ಎಷ್ಟು ಜಾಸ್ತಿ ಎಂಬುದೇ ಮುಖ್ಯ. ಮೆದುಳಿನಿಂದ ಗ್ರಂಥಿಗೆ ಇಳಿಯುವ ಒಂದು ತೊಟ್ಟು ಉಂಟು. ಯಾವ ಗಡ್ಡೆಯಾದರೂ ಅದನ್ನು ಒತ್ತಿದರೆ ಪ್ರೊಲ್ಯಾಕ್ಟಿನ್ ಸ್ವಲ್ಪ ಏರುತ್ತದೆ, ಸಾಮಾನ್ಯವಾಗಿ ಮಿ.ಲೀ.ಗೆ 100 ನ್ಯಾನೋಗ್ರಾಂ ಒಳಗೆ. ದೊಡ್ಡ ಗಡ್ಡೆ ಇದ್ದು 200–250 ದಾಟಿದರೆ ಅದು ಪ್ರೊಲ್ಯಾಕ್ಟಿನ್ ಗಡ್ಡೆಯೇ ಆಗಿರುವ ಸಾಧ್ಯತೆ ಜಾಸ್ತಿ.

ಇಲ್ಲೊಂದು ಮೋಸ ಉಂಟು. ಗಡ್ಡೆ ತುಂಬಾ ದೊಡ್ಡದಿದ್ದು ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಅತಿಯಾಗಿ ಇದ್ದರೆ ಕೆಲವು ಮಷಿನ್ ತಪ್ಪಾಗಿ ಕಡಿಮೆ ತೋರಿಸುತ್ತದೆ. ಲ್ಯಾಬಿನವರು ಹುಕ್ ಎಫೆಕ್ಟ್ ಅನ್ನುತ್ತಾರೆ. ಸ್ಯಾಂಪಲನ್ನು ನೂರು ಪಾಲು ತೆಳು ಮಾಡಿ ಮತ್ತೆ ನೋಡಿದರೆ ನಿಜ ಗೊತ್ತಾಗುತ್ತದೆ. ಗಡ್ಡೆ ದೊಡ್ಡದು, ಅಂಕಿ ಸಣ್ಣದು ಅಂತಾದರೆ 'ಡೈಲ್ಯೂಷನ್ ಮಾಡಿದ್ದೀರಾ' ಎಂದು ಕೇಳಿ. ಸುಮ್ನೆ ಕೇಳಿ, ಯಾರೂ ಬೇಸರ ಮಾಡುವುದಿಲ್ಲ. ಕೂದಲು ಉದುರುವುದಕ್ಕೆ ಬಯೋಟಿನ್ ತಿನ್ನುತ್ತಿದ್ದರೆ ಅದನ್ನೂ ಹೇಳಿ. ಹಾರ್ಮೋನ್ ಪರೀಕ್ಷೆಗಳನ್ನು ಅದು ಹಾಳು ಮಾಡುತ್ತದೆ.

ಜೊತೆಗೆ ಬೆಳಿಗ್ಗೆ 8ರ ಹೊತ್ತಿನ ಕಾರ್ಟಿಸೋಲ್ (ಮೈ ಒತ್ತಡ ತಾಳಲು ಬೇಕಾದ ಹಾರ್ಮೋನ್), ಎಫ್.ಟಿ.4 (ಥೈರಾಯ್ಡ್ ಹಾರ್ಮೋನ್), ಟಿ.ಎಸ್.ಎಚ್. (ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಪಿಟ್ಯುಟರಿ ಕಳಿಸುವುದು), ಲೈಂಗಿಕ ಹಾರ್ಮೋನುಗಳಾದ ಟೆಸ್ಟೋಸ್ಟೆರಾನ್, ಎಲ್.ಎಚ್., ಎಫ್.ಎಸ್.ಎಚ್., ಬೆಳವಣಿಗೆಯ ಹಾರ್ಮೋನಿನ ಸುಳಿವು ಕೊಡುವ ಐ.ಜಿ.ಎಫ್.-1, ಸೋಡಿಯಂ. ಕಾರ್ಟಿಸೋಲ್ ಸಂಜೆಗೆ ಇಳಿದುಬಿಡುತ್ತದೆ. ಹಾಗಾಗಿ ಕುಂದಾಪುರದಿಂದ ಮಧ್ಯಾಹ್ನ ಬಂದು ರಕ್ತ ಕೊಟ್ಟರೆ ಪ್ರಯೋಜನ ಇಲ್ಲ. ಮೊದಲ ಬಸ್ಸು ಹಿಡಿಯಿರಿ, ಇಲ್ಲವಾದರೆ ಊರಿನ ಲ್ಯಾಬಿನಲ್ಲೇ ಕೊಡಿ.

ಥೈರಾಯ್ಡ್‌ಗೆ ಟಿ.ಎಸ್.ಎಚ್. ಒಂದೇ ಸಾಲದು. ಪಿಟ್ಯುಟರಿಯೇ ಸೋತಾಗ ಟಿ.ಎಸ್.ಎಚ್. ನಾರ್ಮಲ್ ಅಂತ ಬರಬಹುದು, ಎಫ್.ಟಿ.4 ಮಾತ್ರ ಕೆಳಗಿರುತ್ತದೆ. ಇದರ ಉಲ್ಟಾ ಕೂಡ ಉಂಟು. ಥೈರಾಯ್ಡ್ ಗ್ರಂಥಿ ಪೂರಾ ಕೈಕೊಟ್ಟು ಟಿ.ಎಸ್.ಎಚ್. ಬಹಳ ಏರಿದ್ದರೆ ಪಿಟ್ಯುಟರಿಯೇ ಊದಿ ಸ್ಕ್ಯಾನ್‌ನಲ್ಲಿ ಗಡ್ಡೆಯ ಹಾಗೆ ಕಾಣುತ್ತದೆ. ಅದು ಥೈರಾಯ್ಡ್ ಮಾತ್ರೆಗೇ ಇಳಿಯುತ್ತದೆ.

ಉಡುಪಿಯಿಂದ

ನಾನು ಕಣ್ಣಿನ ಆಸ್ಪತ್ರೆಯಲ್ಲಿ ಆಪ್ಟೋಮೆಟ್ರಿಸ್ಟ್. ಭಾವ ಟೆಂಪೋ ಓಡಿಸುವವರು ಎಂದು ಓದಿ ಬರೆಯುತ್ತಿದ್ದೇನೆ. ಪಿಟ್ಯುಟರಿಯ ನೇರ ಮೇಲೆ ಎರಡೂ ಕಣ್ಣಿನ ನರಗಳು ಸೇರುತ್ತವೆ. ಗಡ್ಡೆ ಕೆಳಗಿನಿಂದ ಒತ್ತಿದರೆ ಎರಡು ಕಣ್ಣಿಗೂ ಹೊರಬದಿಯ ನೋಟ ಹೋಗುತ್ತದೆ, ಹೆಚ್ಚಾಗಿ ಮೇಲಿನ ಮೂಲೆಯಿಂದ ಶುರು. ಬೋರ್ಡಿನ ಅಕ್ಷರ ಸರಿಯಾಗಿ ಓದುತ್ತಾರೆ. 6/6 ಅಂತ ಚೀಟಿಯಲ್ಲಿ ಬರುತ್ತದೆ. ಆದರೆ ಬದಿಯಿಂದ ಬಂದ ಬೈಕು ಕಾಣುವುದಿಲ್ಲ. ಹಾಗಾಗಿ ಬರೀ ಕನ್ನಡಕದ ಪರೀಕ್ಷೆ ಸಾಲದು, ಪೆರಿಮೆಟ್ರಿ (ನೋಟದ ಹರವು ಅಳೆಯುವ ಪರೀಕ್ಷೆ) ಅಂತಲೇ ಹೇಳಿ ಮಾಡಿಸಿ. ಒ.ಸಿ.ಟಿ., ಅಂದರೆ ಕಣ್ಣಿನ ಹಿಂಬದಿಯ ಸ್ಕ್ಯಾನ್ ಕೂಡ ಆದರೆ ಒಳ್ಳೆಯದು, ನರ ಎಷ್ಟು ಸವೆದಿದೆ ಎಂದು ಗೊತ್ತಾಗುತ್ತದೆ. ಆಪರೇಷನ್ ನಂತರ ಹೋಲಿಸಿ ನೋಡುವುದಕ್ಕೂ ಈ ಎರಡೂ ಬೇಕು.

ಅಲ್ಲಿಯವರೆಗೆ ಹೆದ್ದಾರಿ 66ರಲ್ಲಿ ಗಾಡಿ ಓಡಿಸುವುದು ಬೇಡ. ಇದನ್ನು ಗಟ್ಟಿಯಾಗಿಯೇ ಹೇಳಿ.

ಸುರತ್ಕಲ್‌ನಿಂದ

ನಮ್ಮ ದೊಡ್ಡಮ್ಮನಿಗೆ ಬೆರಳಿನ ಉಂಗುರ ತೆಗೆಯಲು ಬರುತ್ತಿರಲಿಲ್ಲ. ಚಪ್ಪಲಿಯ ಸೈಜ್ ಏರಿತು, ಗೊರಕೆ, ಸಕ್ಕರೆ. ವಯಸ್ಸಾಯಿತು ಅಂದುಕೊಂಡಿದ್ದೆವು. ಅದು ಬೆಳವಣಿಗೆಯ ಹಾರ್ಮೋನಿನ ಗಡ್ಡೆ. ಐ.ಜಿ.ಎಫ್.-1 ಏರಿತ್ತು, ಆಮೇಲೆ 75 ಗ್ರಾಂ ಗ್ಲುಕೋಸ್ ಕುಡಿಸಿ ನೋಡಿ ಖಚಿತ ಮಾಡಿದರು. ಇದಕ್ಕೆ ಆಪರೇಷನ್ನೇ ಮೊದಲ ದಾರಿ. ಆದರೂ ಮೊದಲೇ ತಿಳಿದದ್ದು ಉಪಕಾರವಾಯಿತು. ಇಂಥವರಿಗೆ ನಾಲಿಗೆ, ದವಡೆ ದೊಡ್ಡದಾಗಿ ಅರಿವಳಿಕೆ ಕೊಡುವಾಗ ಗಂಟಲಿಗೆ ಟ್ಯೂಬ್ ಹಾಕುವುದು ಕಷ್ಟ. ಅದಕ್ಕೆ ತಯಾರಾಗಿ ಬಂದಿದ್ದರು.

ಬಂಟ್ವಾಳದಿಂದ

ನನ್ನದು ಅಡಿನೋಮವೇ ಆಗಿರಲಿಲ್ಲ. ಎರಡನೇ ಬಾಣಂತನ ಮುಗಿಯುವ ಹೊತ್ತಿಗೆ ತಲೆನೋವು, ತಡೆಯಲಾಗದ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರ. ಸಕ್ಕರೆ ಕಾಯಿಲೆ ಇಲ್ಲ. ಸ್ಕ್ಯಾನ್‌ನಲ್ಲಿ ಗ್ರಂಥಿ ದಪ್ಪ, ತೊಟ್ಟೂ ದಪ್ಪ. ಅಡಿನೋಮ ಶುರುವಿನಲ್ಲೇ ಹೀಗೆ ಬಾಯಾರಿಕೆ ತರುವುದು ಬಹಳ ಅಪರೂಪ, ಬೇರೆ ಏನೋ ಇರಬೇಕು ಎಂದು ನಮ್ಮ ಡಾಕ್ಟರ್ ಅಲ್ಲಿಗೇ ನಿಲ್ಲಿಸಿ ಯೋಚಿಸಿದರು. ಕೊನೆಗೆ ಹೈಪೊಫಿಸೈಟಿಸ್, ಅಂದರೆ ಗ್ರಂಥಿಯ ಉರಿಯೂತ ಎಂದಾಯಿತು. ಸ್ಟೀರಾಯ್ಡ್‌ನಲ್ಲಿ ಇಳಿಯಿತು.

ಆ ಜಾಗದಲ್ಲಿ ಟಿ.ಬಿ. ಗಂಟು, ನೀರಿನ ಚೀಲ, ಬೇರೆ ಕಡೆಯ ಕ್ಯಾನ್ಸರ್ ಹರಡಿದ್ದು, ರಕ್ತನಾಳದ ಉಬ್ಬು ಎಲ್ಲವೂ ಬರಬಹುದಂತೆ. ರಕ್ತನಾಳದ ಉಬ್ಬನ್ನು ಗಡ್ಡೆ ಎಂದು ಚುಚ್ಚಿದರೆ ದೇವರೇ ಗತಿ. ಹಾಗಾಗಿ ತಲೆಯ ಸಾದಾ ಎಂ.ಆರ್.ಐ. ಸಾಲದು. ಪಿಟ್ಯುಟರಿಗೆಂದೇ ತೆಳು ಪದರದಲ್ಲಿ, ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕಿ ಮಾಡಿದ್ದು ಬೇಕು. ಕಾಂಟ್ರಾಸ್ಟ್‌ಗೆ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡುತ್ತಾರೆ. ಗಡ್ಡೆಯಲ್ಲಿ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದೆಯಾ ಎಂದು ನೋಡಲು ಸಿ.ಟಿ. ಸ್ಕ್ಯಾನ್.

ಕುಂದಾಪುರದಿಂದ ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಬೆಂಗಳೂರಿಗೆ ಹೋಗಲಿಲ್ಲ, ಎಂಡೋಕ್ರೈನಾಲಜಿಸ್ಟ್, ನರಶಸ್ತ್ರ ತಜ್ಞರು ಇಬ್ಬರೂ ಇಲ್ಲೇ ಸಿಕ್ಕಿದರು. ಪ್ರೊಲ್ಯಾಕ್ಟಿನ್ 58. ಡೈಲ್ಯೂಷನ್ ಕೇಳಿದೆ, ಮಾಡಿದರು, ಆಗಲೂ ಹೆಚ್ಚುಕಮ್ಮಿ ಅಷ್ಟೇ. ಕಾರ್ಟಿಸೋಲ್ ಬರೀ 2.6, ತುಂಬಾ ಕಡಿಮೆಯಂತೆ; ಎಫ್.ಟಿ.4 ಕೂಡ ಕಡಿಮೆ. ಐ.ಜಿ.ಎಫ್.-1 ಏರಿಲ್ಲ. ಪೆರಿಮೆಟ್ರಿಯಲ್ಲಿ ಎರಡೂ ಕಣ್ಣಿನ ಹೊರಬದಿ ಮೇಲ್ಭಾಗ ಕಪ್ಪು. ಹೈಡ್ರೊಕಾರ್ಟಿಸೋನ್ (ಕಾರ್ಟಿಸೋಲ್‌ಗೆ ಬದಲಿ ಮಾತ್ರೆ) ಶುರು ಮಾಡಿದ್ದಾರೆ. ಥೈರಾಯ್ಡ್ ಮಾತ್ರೆ ಕೆಲವು ದಿನ ಬಿಟ್ಟು ಎಂದರು, ಯಾಕೆ ಅಂತ ಗೊತ್ತಾಗಲಿಲ್ಲ. ಆಪರೇಷನ್ ಬೇಕೇ ಬೇಕಂತೆ. ಖರ್ಚಿನದ್ದು ಒಂದು ಚಿಂತೆ.

ಕಂಕನಾಡಿಯಿಂದ

ಕಾರ್ಟಿಸೋಲ್ ಇಲ್ಲದ ಮೈಗೆ ಮೊದಲೇ ಥೈರಾಯ್ಡ್ ಮಾತ್ರೆ ಕೊಟ್ಟರೆ ಇದ್ದ ಚೂರು ಕಾರ್ಟಿಸೋಲೂ ಬೇಗ ಖರ್ಚಾಗಿ ಪ್ರಾಣಕ್ಕೆ ಬರಬಹುದು. ಅದಕ್ಕೇ ಆ ಕ್ರಮ. ಸುಸ್ತಿಗೂ ಕಾರಣ ಇದೇ ಇರಬೇಕು, ಮಾತ್ರೆ ಶುರುವಾದ ಮೇಲೆ ಅವರಿಗೆ ಹಗುರ ಅನಿಸಬಹುದು. ಪ್ರೊಲ್ಯಾಕ್ಟಿನ್ 58 ತೊಟ್ಟು ಒತ್ತಿದ್ದಕ್ಕೆ ಸರಿಹೊಂದುತ್ತದೆ. ಕ್ಯಾಬರ್ಗೋಲಿನ್‌ನಿಂದ ಕುಗ್ಗುವ ಗಡ್ಡೆ ಅಲ್ಲದಿದ್ದು, ನೋಟವೂ ಹೋಗುತ್ತಿದ್ದರೆ ತೆಗೆಸುವುದೇ ಸರಿ. ಹೆಬ್ರಿಯವರು ಹೇಳಿದ ಹಾಗೆ ಇನ್ನು ತಡ ಬೇಡ.

ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಗುತ್ತದಾ ಎಂದು ವಿಚಾರಿಸಿ. ರೆಫರಲ್ ಚೀಟಿಗೆ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಕಿವಿ-ಮೂಗು-ಗಂಟಲಿನವರು ಮೂಗಿನ ಎಲುಬು ನೋಡಲು ಸೈನಸ್‌ನ ಸಿ.ಟಿ. ಕೇಳಬಹುದು, ಹಳೆಯದು ಇದ್ದರೆ ಒಯ್ಯಿರಿ. ಆಪರೇಷನ್ ದಿನ ಉಪವಾಸ ಅಂತ ಹೈಡ್ರೊಕಾರ್ಟಿಸೋನ್ ತಪ್ಪಿಸಬೇಡಿ. ಹಿಂದಿನ ದಿನವೇ ಅರಿವಳಿಕೆಯ ಡಾಕ್ಟರಲ್ಲಿ ಕೇಳಿಟ್ಟುಕೊಳ್ಳಿ, ಅವರು ಅದನ್ನು ಇಂಜೆಕ್ಷನ್‌ನಲ್ಲಿ ಕೊಡುತ್ತಾರೆ.